ಪಾರ್ಲರ್‌ಗೆ ಲೈಸೆನ್ಸ್ ಇದೆ, ಪಾರ್ಲರ್‌ನವರಿಗೆ?

ಬಳ್ಳಾರಿಯಲ್ಲಿ ಬ್ಯೂಟಿ ಪಾರ್ಲರ್ ತೆಗೆಯಬೇಕು ಅಂದ್ರೆ ಮಹಾನಗರ ಪಾಲಿಕೆಗೆ ಟ್ರೇಡ್ ಲೈಸೆನ್ಸ್ ಅರ್ಜಿ ಹಾಕಬೇಕು. ಅರ್ಜಿ ಜೊತೆ ಕಟ್ಟಡದ ತೆರಿಗೆ ರಸೀದಿ, ಬಾಡಿಗೆ ಕರಾರು, ಗುರುತಿನ ಚೀಟಿ, ಇಂಥವು ಬೇಕಾಗುತ್ತವೆ. ಪಾರ್ಲರ್ ನಡೆಸುವವರು ಈ ಕೆಲಸ ಎಲ್ಲಿ ಕಲಿತರು, ತಲೆಗೆ ಹಚ್ಚುವ ಡೈ ಒಳಗೆ ಏನಿರುತ್ತೆ ಅಂತ ಅವರಿಗೆ ಗೊತ್ತಾ, ಒಬ್ಬರಿಗೆ ಬಳಸಿದ ಕತ್ತರಿಯನ್ನು ಇನ್ನೊಬ್ಬರಿಗೆ ಬಳಸುವ ಮುಂಚೆ ಹೇಗೆ ತೊಳೀತಾರೆ? ಇದನ್ನು ಕೇಳೋರಿಲ್ಲ. ಕೊಪ್ಪಳ, ಗಂಗಾವತಿ, ಸಿಂಧನೂರು, ಎಲ್ಲಿ ಹೋದರೂ ಇದೇ ಕಥೆ. ಹಳ್ಳಿಯಲ್ಲಾದರೆ ಪಂಚಾಯ್ತಿ ಲೈಸೆನ್ಸ್. ಮನೆಯ ಮುಂದಿನ ರೂಮಿನಲ್ಲೇ ಪಾರ್ಲರ್ ನಡೆಸುವವರು ಅದನ್ನೂ ಮಾಡಿಸಿರುವುದು ಕಮ್ಮಿ.

ಮೆಡಿಕಲ್ ಶಾಪ್ ತೆಗೆಯೋಕೆ ಫಾರ್ಮಸಿಸ್ಟ್ ಬೇಕು. ಆಟೋ ಓಡಿಸೋಕೆ ಡ್ರೈವಿಂಗ್ ಲೈಸೆನ್ಸ್ ಬೇಕು. ಆದರೆ ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ಇರುವ ಬ್ಲೀಚನ್ನು ಇನ್ನೊಬ್ಬರ ಮುಖಕ್ಕೆ ಹಚ್ಚೋಕೆ ನಮ್ಮಲ್ಲಿ ಯಾವ ಪರೀಕ್ಷೆಯನ್ನೂ ಪಾಸ್ ಮಾಡಬೇಕಿಲ್ಲ. ಭಾರತದಲ್ಲಿ ಬ್ಯೂಟೀಷಿಯನ್ ಆಗಲಿ, ಕಾಸ್ಮೆಟಾಲಜಿಸ್ಟ್ (ಚರ್ಮ, ಕೂದಲು, ಉಗುರಿನ ಅಂದದ ಕೆಲಸ ಕಲಿತವರು) ಆಗಲಿ, ಆ ಹೆಸರಿನಲ್ಲಿ ಕೆಲಸ ಮಾಡಲು ಕಡ್ಡಾಯ ಲೈಸೆನ್ಸ್ ಇಲ್ಲ. ವೈದ್ಯರಿಗೆ, ನರ್ಸ್‌ಗಳಿಗೆ ಕೌನ್ಸಿಲ್ ಇದ್ದಂತೆ ಇವರಿಗೆ ಕೌನ್ಸಿಲ್ ಕೂಡ ಇಲ್ಲ.

ಹಾಗಾಗಿ "ಈ ಕೋರ್ಸ್ ಮಾಡಿದ್ರೆ ಲೈಸೆನ್ಸ್ ಸಿಗುತ್ತಾ ಮೇಡಂ" ಅಂತ ಹುಡುಗಿಯರು ಕೇಳಿದಾಗ ಯಾವುದಾದರೂ ಅಕಾಡೆಮಿ "ಹ್ಞಾಂ, ಸಿಗುತ್ತೆ" ಅಂದ್ರೆ ಅಲ್ಲೇ ಎಚ್ಚರ ಆಗಬೇಕು. ಸಿಗೋದು ಸರ್ಟಿಫಿಕೇಟ್. ಲೈಸೆನ್ಸ್ ಅಂತ ಒಂದು ಇದ್ದರೆ ಅದು ಅಂಗಡಿಗೆ.

ಅಂಗಡಿಯ ಕಾಗದಗಳನ್ನು ಬೇಗ ಮುಗಿಸಿಬಿಡೋಣ. ಒಂದು, ಮೇಲೆ ಹೇಳಿದ ಟ್ರೇಡ್ ಲೈಸೆನ್ಸ್. ಬಳ್ಳಾರಿ ಪಾಲಿಕೆಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ನಗರಸಭೆ, ಪುರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಎರಡು, ಕಾರ್ಮಿಕ ಇಲಾಖೆಯಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಮೂರು, ಬೇಕಿದ್ದರೆ ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸೋದು. ಇದು ಆನ್‌ಲೈನ್, ಪೂರ್ತಿ ಉಚಿತ. ಇದಕ್ಕೆ ದುಡ್ಡು ಕೇಳುವವರು ಸರ್ಕಾರದವರಲ್ಲ, ಮಧ್ಯದವರು. ಜಿಎಸ್‌ಟಿ ನೋಂದಣಿ ಬೇಕಾಗೋದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಓಣಿಯ ಪಾರ್ಲರ್‌ಗಳು ಅಷ್ಟು ದೂರ ಹೋಗುವುದಿಲ್ಲ. ದೊಡ್ಡ ಸಲೂನ್‌ಗಳ ಬಿಲ್ ಮೇಲೆ ಇದ್ದ 18% ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳಿದಿದೆ. ನಿಮ್ಮ ಬಿಲ್‌ನಲ್ಲಿ ಇನ್ನೂ 18 ಅಂತಿದ್ದರೆ ಕೇಳಿ.

ಇಷ್ಟೇ. ಇದರಲ್ಲಿ ಒಂದೂ ಕೈಕೆಲಸಕ್ಕೆ ಸಂಬಂಧಪಟ್ಟದ್ದಲ್ಲ, ಅಲ್ವಾ?

ಕಲಿಯೋಕೆ ಇರುವ ದಾರಿಗಳು

ಕಡ್ಡಾಯ ಇಲ್ಲ ಅಂದಮಾತ್ರಕ್ಕೆ ತರಬೇತಿ ಇಲ್ಲ ಅಂತಲ್ಲ. ನಿಜ ಹೇಳಬೇಕಂದ್ರೆ ಜಾಸ್ತಿಯೇ ಇವೆ. ಯಾವುದು ಯಾತಕ್ಕೆ ಅನ್ನೋದೇ ಗೊಂದಲ.

ಗಟ್ಟಿ ಅನ್ನಬಹುದಾದದ್ದು ಐಟಿಐ. ಕಾಸ್ಮೆಟಾಲಜಿ ಅಂತಲೇ ಒಂದು ಟ್ರೇಡ್ ಇದೆ. ಒಂದು ವರ್ಷ, 1200 ಗಂಟೆ. ಅದರಲ್ಲಿ 840 ಗಂಟೆ ಕೈಕೆಲಸ, 240 ಗಂಟೆ ಪಾಠ, ಉಳಿದ 120 ಗಂಟೆ ಉದ್ಯೋಗ ಕೌಶಲ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಥ್ರೆಡಿಂಗ್, ವ್ಯಾಕ್ಸ್, ಫೇಶಿಯಲ್, ಹೇರ್ ಕಟ್, ಕಲರ್, ಮೇಕಪ್, ಸೀರೆ ಉಡಿಸುವುದು ಎಲ್ಲಾ ಬರುತ್ತೆ. ಜೊತೆಗೆ ಚರ್ಮದ ರಚನೆ, ಸ್ವಚ್ಛತೆ, ಕೆಮಿಕಲ್ ಬಳಕೆ. ಪಾರ್ಲರ್‌ನಲ್ಲಿ ನಿಂತು ಕಲಿತವರಿಗೆ ಸಿಗದೇ ಹೋಗೋದು ಈ ಕೊನೆಯ ಮೂರು. ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಮುಂದೆ ಬೋಧಕರಾಗಬೇಕು ಅಂದ್ರೆ ಇನ್ನೊಂದು ವರ್ಷದ ಬೋಧಕರ ತರಬೇತಿಯೂ ಇದೆ. ಎಲ್ಲ ಐಟಿಐಗಳಲ್ಲಿ ಈ ಟ್ರೇಡ್ ಇರುವುದಿಲ್ಲ. ಪ್ರವೇಶಕ್ಕೆ ಮುಂಚೆ ಆ ಕಾಲೇಜಿನಲ್ಲಿ ಈ ಟ್ರೇಡ್‌ಗೇ ಮಾನ್ಯತೆ ಇದೆಯಾ ಅಂತ ನೋಡಬೇಕು. ಕಾಲೇಜಿನ ಮಾನ್ಯತೆ ಬೇರೆ, ಟ್ರೇಡಿನ ಮಾನ್ಯತೆ ಬೇರೆ.

ಎರಡನೆಯದು ಕೌಶಲ ಮಿಷನ್ ದಾರಿ. ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ (ಪಿಎಂಕೆವಿವೈ) 2015ರಲ್ಲಿ ಶುರುವಾಯಿತು, ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ 2017ರಲ್ಲಿ. ಇಲ್ಲಿ ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್, ಬ್ಯೂಟಿ ಥೆರಪಿಸ್ಟ್, ಹೇರ್ ಸ್ಟೈಲಿಸ್ಟ್ ಅಂತ ಕೋರ್ಸುಗಳು. ಪಠ್ಯ ಮತ್ತು ಪರೀಕ್ಷೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನದ್ದು. ಕೆಲವು ತಿಂಗಳಲ್ಲಿ ಮುಗಿಯುತ್ತೆ. ಇದರಲ್ಲೇ ಒಂದು ಒಳದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಆಗಲೇ ಕೆಲಸ ಬಲ್ಲವರಿಗೆ ಸಣ್ಣ ಪರಿಚಯ ತರಗತಿ, ಆಮೇಲೆ ನೇರ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್. ಆರ್‌ಪಿಎಲ್ ಅಂತಾರೆ. ಹತ್ತು ವರ್ಷದಿಂದ ಪಾರ್ಲರ್ ನಡೆಸುತ್ತಿರುವ, ಕೈಯಲ್ಲಿ ಒಂದೂ ಕಾಗದ ಇಲ್ಲದ ಅಕ್ಕಂದಿರಿಗೆ ಹೇಳಿ ಮಾಡಿಸಿದ್ದು. ಇದರ ಮಾತು ಮುಂದೆ ಮತ್ತೆ ಬರುತ್ತೆ.

ಮೂರನೆಯದು ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಆರ್‌ಸೆಟಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ ಮಾದರಿಯನ್ನೇ ಆಮೇಲೆ ದೇಶದ ಜಿಲ್ಲೆಗಳಿಗೆ ಹರಡಿದರು. ಬ್ಯೂಟಿ ಪಾರ್ಲರ್ ಕೋರ್ಸ್ ಸುಮಾರು ಒಂದು ತಿಂಗಳು. ಊಟ, ವಸತಿ ಉಚಿತ. ಒಂದು ತಿಂಗಳಲ್ಲಿ ಪಳಗೋದಿಲ್ಲ, ನಿಜ. ಆದರೆ ಲೆಕ್ಕ ಬರೆಯೋದು, ಸಾಲಕ್ಕೆ ಅರ್ಜಿ ಹಾಕೋದು, ರೇಟ್ ಹಾಕೋದು ಇವರು ಹೇಳಿಕೊಟ್ಟಷ್ಟು ಚೆನ್ನಾಗಿ ಐಟಿಐಯಲ್ಲೂ ಹೇಳಿಕೊಡೋದಿಲ್ಲ ಅಂತ ನನ್ನ ಅನಿಸಿಕೆ. ಮುಗಿಸಿದವರಿಗೆ ಮುದ್ರಾ ಯೋಜನೆಯ ಶಿಶು ಸಾಲ, ಅಂದ್ರೆ 50 ಸಾವಿರದವರೆಗೆ ಅಡಮಾನ ಇಲ್ಲದ ಸಾಲ, ಕೇಳಲು ದಾರಿ ಸಲೀಸು. ಓದು ಕಮ್ಮಿ ಇರುವವರಿಗೆ ಜನ ಶಿಕ್ಷಣ ಸಂಸ್ಥಾನಗಳೂ ಇವೆ.

ನಾಲ್ಕನೆಯದು ಖಾಸಗಿ ಅಕಾಡೆಮಿ. ಬಳ್ಳಾರಿಯ ಬೆಂಗಳೂರು ರಸ್ತೆಯಿಂದ ರಾಯಚೂರಿನ ತೀನ್ ಕಂದಿಲ್‌ವರೆಗೆ ಎಲ್ಲಿ ತಿರುಗಿದರೂ ಇವರ ಬೋರ್ಡು ಕಣ್ಣಿಗೆ ಬೀಳುತ್ತೆ. ಒಂದು ವಾರದ ಬ್ರೈಡಲ್ ಮೇಕಪ್ ಕ್ಲಾಸಿನಿಂದ ಹಿಡಿದು ವರ್ಷದ ಡಿಪ್ಲೊಮಾವರೆಗೆ. ಫೀಸು ಕೆಲವು ಸಾವಿರದಿಂದ ಲಕ್ಷ ದಾಟುತ್ತೆ. ಒಳ್ಳೆಯವರು ಇದ್ದಾರೆ. ಮೇಕಪ್ ವಿಷಯದಲ್ಲಂತೂ ಸರ್ಕಾರಿ ಕೋರ್ಸಿಗಿಂತ ಇವರು ಹೊಸದನ್ನು ಬೇಗ ಕಲಿಸುತ್ತಾರೆ. ಆದರೆ ಗೋಡೆ ಮೇಲಿನ "ಇಂಟರ್‌ನ್ಯಾಷನಲ್" ಸರ್ಟಿಫಿಕೇಟುಗಳಲ್ಲಿ ಎಷ್ಟೋ ಅವರೇ ಅಚ್ಚು ಹಾಕಿಸಿದವು. ಪರೀಕ್ಷೆ ಮಾಡಿದವರೂ ಅವರೇ, ಪಾಸ್ ಮಾಡಿದವರೂ ಅವರೇ.

ಐದನೆಯದು ಹಳೇ ದಾರಿ. ಪರಿಚಯದ ಪಾರ್ಲರ್‌ಗೆ ಸೇರು, ಆರು ತಿಂಗಳು ಕಸ ಗುಡಿಸು, ಟವೆಲ್ ಒಗೆ, ನೋಡ್ತಾ ನೋಡ್ತಾ ಕಲಿ. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಪಾರ್ಲರ್ ನಡೆಸುವ ಬಹಳ ಹೆಂಗಸರು ಬಂದಿರೋದು ಇದೇ ದಾರಿಯಲ್ಲಿ. ಸಂಬಳ ಇಲ್ಲ, ಕೆಲವು ಕಡೆ ಉಲ್ಟಾ ಇವರೇ ಫೀಸು ಕೊಡಬೇಕು. ಕೈ ಮಾತ್ರ ಚೆನ್ನಾಗಿ ಪಳಗುತ್ತೆ. ಹುಬ್ಬಿಗೆ ದಾರ ಹಾಕೋದರಲ್ಲಿ ಇವರನ್ನು ಮೀರಿಸುವವರಿಲ್ಲ.

ಅದೇ ದಾರ, ಟೆಕ್ಸಾಸ್‌ನ ಕೋರ್ಟಿನಲ್ಲಿ

ಹಾಗಾದರೆ ಅಮೆರಿಕದ ಹಾಗೆ ಎಲ್ಲರಿಗೂ ಲೈಸೆನ್ಸ್ ಕಡ್ಡಾಯ ಮಾಡಿಬಿಟ್ಟರೆ? ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು.

ಅಮೆರಿಕದ 50 ರಾಜ್ಯಗಳಲ್ಲೂ ಕಾಸ್ಮೆಟಾಲಜಿ ಲೈಸೆನ್ಸ್ ಇದೆ. ಮಾನ್ಯತೆ ಇರುವ ಶಾಲೆಯಲ್ಲಿ ಇಷ್ಟು ಗಂಟೆ ಕಲಿತಿರಬೇಕು, ರಾಜ್ಯದ ಮಂಡಳಿ ನಡೆಸುವ ಪರೀಕ್ಷೆ ಪಾಸಾಗಬೇಕು, ಆಗಾಗ ನವೀಕರಿಸಬೇಕು. ಹೆಚ್ಚಿನ ರಾಜ್ಯಗಳಲ್ಲಿ ಸಾವಿರದಿಂದ ಒಂದೂವರೆ ಸಾವಿರ ಗಂಟೆ. ಲೈಸೆನ್ಸ್ ಇಲ್ಲದೆ ದುಡ್ಡು ತಗೊಂಡು ಕೂದಲು ಕತ್ತರಿಸಿದರೆ ದಂಡ.

ಟೆಕ್ಸಾಸ್‌ನಲ್ಲಿ ನಮ್ಮ ಕಡೆಯ ಥ್ರೆಡಿಂಗ್ ಮಾಡುವವರಿಗೆ ಇದೇ ಕಾನೂನು ಅಡ್ಡ ಬಂತು. ಹುಬ್ಬು ತೀಡೋಕೆ ಅವರಿಗೆ ಬೇಕಿದ್ದದ್ದು ಒಂದು ನೂಲಿನ ಉಂಡೆ. ಸರ್ಕಾರ ಹೇಳಿದ್ದು 750 ಗಂಟೆಯ ಚರ್ಮ ಆರೈಕೆ ಕೋರ್ಸ್ ಮಾಡಿ, ಎರಡು ಪರೀಕ್ಷೆ ಬರೀರಿ ಅಂತ. ತಮಾಷೆ ಅಂದ್ರೆ ಆ ಶಾಲೆಗಳಲ್ಲಿ ಥ್ರೆಡಿಂಗನ್ನು ಕಲಿಸುವುದೇ ಕಡ್ಡಾಯವಾಗಿರಲಿಲ್ಲ. ಥ್ರೆಡಿಂಗ್ ಮಾಡುವ ಕೆಲವರು ಕೋರ್ಟಿಗೆ ಹೋದರು. ಮೊದಲ ಅರ್ಜಿದಾರರ ಹೆಸರು ಪಟೇಲ್, ಹಾಗಾಗಿ ಅದು ಪಟೇಲ್ ಕೇಸ್ ಅಂತಲೇ ಹೆಸರಾಯಿತು. 2015ರ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 750ರಲ್ಲಿ 320 ಗಂಟೆಯಷ್ಟು ತರಬೇತಿಗೂ ಥ್ರೆಡಿಂಗ್‌ನ ಸುರಕ್ಷತೆಗೂ ಸಂಬಂಧವೇ ಇಲ್ಲ, ದುಡಿದು ತಿನ್ನುವವರ ಮೇಲೆ ಇಷ್ಟು ಹೊರೆ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂತ.

ಅದೇ ವರ್ಷ ಅದೇ ರಾಜ್ಯ, ಆಫ್ರಿಕನ್ ಶೈಲಿಯ ಜಡೆ ಹೆಣೆಯುವವರನ್ನೂ ಲೈಸೆನ್ಸ್‌ನಿಂದ ಬಿಟ್ಟಿತು. ಅವರಲ್ಲಿ ಬಹುಪಾಲು ಕಪ್ಪು ಹೆಂಗಸರು. ಕತ್ತರಿ ಇಲ್ಲ, ಕೆಮಿಕಲ್ ಇಲ್ಲ, ಬರೀ ಬೆರಳು. ನಮ್ಮೂರಲ್ಲಿ ಮೊಗ್ಗಿನ ಜಡೆ ಹಾಕುವ ಅಜ್ಜಿಯ ಹತ್ತಿರ "ಸಾವಿರ ಗಂಟೆ ಕ್ಲಾಸಿಗೆ ಹೋಗಿ ಬಾ, ಆಮೇಲೆ ಮದುಮಗಳನ್ನು ಮುಟ್ಟು" ಅಂದ್ರೆ ಹೇಗಿರುತ್ತೆ? ಅಜ್ಜಿ ಏನಂತಾಳೋ ಅದನ್ನು ಇಲ್ಲಿ ಬರೆಯೋಕಾಗಲ್ಲ.

ಕ್ಯಾಲಿಫೋರ್ನಿಯಾ ಕೂಡ 2022ರಿಂದ 1600 ಗಂಟೆಯನ್ನು 1000ಕ್ಕೆ ಇಳಿಸಿತು. ಅಂದ್ರೆ ಇವತ್ತು ನಮ್ಮ ಐಟಿಐನ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸು ಕ್ಯಾಲಿಫೋರ್ನಿಯಾದವರು ಕೇಳುವ ತರಬೇತಿಗಿಂತ ಉದ್ದ. ಅಲ್ಲಿ ಅದಿಲ್ಲದೆ ಕತ್ತರಿ ಹಿಡಿಯೋ ಹಾಗಿಲ್ಲ, ಇಲ್ಲಿ ಅದಿದ್ದರೂ ಇಲ್ಲದಿದ್ದರೂ ಒಂದೇ. ಬ್ರಿಟನ್ ನಡುವಿನ ದಾರಿ ಹಿಡಿದಿದೆ. 1964ರಿಂದ ಅಲ್ಲಿ ಹೇರ್ ಡ್ರೆಸರ್‌ಗಳ ನೋಂದಣಿ ಪುಸ್ತಕ ಇದೆ, ಆದರೆ ಸೇರೋದು ಬಿಡೋದು ಅವರವರಿಗೆ ಬಿಟ್ಟಿದ್ದು.

ಲೈಸೆನ್ಸ್ ಕೊಡುವ ಅಧಿಕಾರ ಯಾರ ಕೈಗೆ ಸಿಗುತ್ತೆ ಅನ್ನೋದರ ಮೇಲೆ ಅದರ ಗುಣ ನಿಂತಿದೆ. ನಮ್ಮ ದೇಶದಲ್ಲೇ ಉದಾಹರಣೆ ಇದೆ. ಮುಂಬೈ ಸಿನಿಮಾ ರಂಗದಲ್ಲಿ ಮೇಕಪ್ ಕಲಾವಿದರ ಸಂಘದ ಕಾರ್ಡ್ ಇಲ್ಲದೆ ಸೆಟ್‌ಗೆ ಹೋಗೋಕಾಗುತ್ತಿರಲಿಲ್ಲ. ಆ ಸಂಘ ದಶಕಗಟ್ಟಲೆ ಹೆಂಗಸರಿಗೆ ಹೇರ್ ಡ್ರೆಸರ್ ಕಾರ್ಡ್ ಮಾತ್ರ ಕೊಡುತ್ತಿತ್ತು, ಮೇಕಪ್ ಕಾರ್ಡ್ ಗಂಡಸರಿಗೆ ಮಾತ್ರ. ಚಾರು ಖುರಾನಾ ಅನ್ನುವ ಮೇಕಪ್ ಕಲಾವಿದೆ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್‌ನಲ್ಲಿ ಕೋರ್ಟ್ ಆ ನಿಯಮವನ್ನು ಕಿತ್ತು ಹಾಕಿತು. ಸುರಕ್ಷತೆಯ ಹೆಸರಿನಲ್ಲಾಗಲಿ ಶಿಸ್ತಿನ ಹೆಸರಿನಲ್ಲಾಗಲಿ, ಬಾಗಿಲು ಕಾಯೋರ ಕೈಗೆ ಬೀಗ ಕೊಟ್ಟರೆ ಅವರು ಮೊದಲು ಹೊರಗಿಡೋದು ಹೊಸಬರನ್ನ.

ಕಲ್ಯಾಣ ಕರ್ನಾಟಕದಲ್ಲಿ ಈ ಮಾತಿಗೆ ತೂಕ ಜಾಸ್ತಿ. ಎಸ್ಸೆಸ್ಸೆಲ್ಸಿ ಮುಗಿಸದೆ ಮದುವೆಯಾದ ಹೆಣ್ಣುಮಕ್ಕಳು ಇಲ್ಲಿ ಬಹಳ. ಸಂಸಾರ, ಮಕ್ಕಳ ನಡುವೆ ಮನೆಯಲ್ಲೇ ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ದುಡಿಯೋಕೆ ಇರುವ ಕೆಲವೇ ಕೆಲಸಗಳಲ್ಲಿ ಇದೊಂದು. ನಾಳೆ ಬೆಳಿಗ್ಗೆ 1200 ಗಂಟೆ ಕಡ್ಡಾಯ ಅಂದ್ರೆ ಅಕಾಡೆಮಿಗಳಿಗೆ ಹಬ್ಬ, ಇವರಿಗೆ ಬಾಗಿಲು ಮುಚ್ಚಿದ ಹಾಗೆ. ಅಮೆರಿಕದ್ದನ್ನು ಹಾಗೇ ತಂದು ಇಲ್ಲಿ ಹಚ್ಚುವುದಕ್ಕೆ ನನ್ನ ವಿರೋಧ ಇದಕ್ಕೇ.

ದಾರ ಬೇರೆ, ಡೈ ಬೇರೆ

ಆದರೆ ಟೆಕ್ಸಾಸ್ ತೀರ್ಪನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಕೋರ್ಟ್ ತರಬೇತಿಯೇ ಬೇಡ ಅನ್ನಲಿಲ್ಲ. ಕೆಲಸಕ್ಕೂ ತರಬೇತಿಗೂ ಸಂಬಂಧ ಇರಲಿ ಅಂದಿತು. ಹಾಗಾದರೆ ಪಾರ್ಲರ್‌ನ ಯಾವ ಕೆಲಸದಲ್ಲಿ ನಿಜವಾದ ಅಪಾಯ ಇದೆ?

ಹೇರ್ ಡೈ ತಗೊಳ್ಳಿ. ಕಪ್ಪು ಬಣ್ಣದ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಕೆಮಿಕಲ್ ಇರುತ್ತೆ. ಬೇಗ ಕೆಂಪಾಗುವ, ಕಪ್ಪಾಗುವ ಮೆಹಂದಿ ಕೋನ್‌ಗಳಿಗೂ ಇದನ್ನು ಬೆರೆಸುವುದುಂಟು. ಕೆಲವರಿಗೆ ಇದು ಆಗಿಬರುವುದಿಲ್ಲ. ಹಣೆ, ಕಿವಿ ಊದಿಕೊಂಡು ಕಣ್ಣು ತೆರೆಯೋಕಾಗದ ಸ್ಥಿತಿ ಬರಬಹುದು. ಡೈ ಡಬ್ಬಿ ಮೇಲೆ ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬಿಗೆ ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅಂತ ಎಚ್ಚರಿಕೆ ಹಾಕಬೇಕು ಅನ್ನೋದು ಕಾನೂನು. ಪ್ಯಾಚ್ ಟೆಸ್ಟ್ ಅಂದ್ರೆ ಇಷ್ಟೇ: ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಕಡಲೆಕಾಳಷ್ಟು ಹಚ್ಚಿ, ಎರಡು ದಿನ ಬಿಟ್ಟು ನೋಡೋದು. ಕೆಂಪಾಗಿಲ್ಲ, ಕೆರೆದಿಲ್ಲ ಅಂದ್ರೆ ಮುಂದುವರಿ. ಇದಕ್ಕೆ ಖರ್ಚಿಲ್ಲ. ಆದರೆ ಗಿರಾಕಿ ಎರಡು ಸಲ ಬರಬೇಕು. ನಾಳೆ ಮದುವೆ, ಇವತ್ತು ಸಂಜೆ ಕಲರ್ ಮಾಡಿ ಅನ್ನುವವರಿಗೆ "ಮೊನ್ನೆ ಬರಬೇಕಿತ್ತು" ಅನ್ನೋ ಧೈರ್ಯ ಎಷ್ಟು ಜನಕ್ಕಿದೆ? ಪಕ್ಕದ ಪಾರ್ಲರ್‌ನವರು ಮಾಡಿಕೊಡುತ್ತಾರೆ ಅನ್ನೋ ಭಯ. ಎಲ್ಲರಿಗೂ ಒಂದೇ ನಿಯಮ ಇದ್ದಿದ್ದರೆ ಆ ಭಯ ಇರುತ್ತಿರಲಿಲ್ಲ.

ಕೂದಲು ನೇರ, ನುಣುಪು ಮಾಡುವ ಸ್ಮೂತ್ನಿಂಗ್, ಕೆರಾಟಿನ್ ಕಥೆ ಇನ್ನೂ ಸಿಕ್ಕುಸಿಕ್ಕು. ಮೊದಲು ಇವುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಐರನ್ ಬಿಸಿಗೆ ಹೊಗೆ ಎದ್ದು ಕಣ್ಣು, ಮೂಗು ಉರಿಯೋದು. ಅದಕ್ಕೆ "ಫಾರ್ಮಾಲ್ಡಿಹೈಡ್ ಇಲ್ಲ" ಅನ್ನುವ ಡಬ್ಬಿಗಳು ಬಂದವು. ಅವುಗಳಲ್ಲಿ ಎಷ್ಟೋ ಗ್ಲೈಆಕ್ಸಿಲಿಕ್ ಆಸಿಡ್ ಇರುವಂಥವು. 2024ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ 26 ವರ್ಷದ ಹುಡುಗಿಯೊಬ್ಬಳ ವರದಿ ಬಂತು. ಪ್ರತಿ ಸಲ ಕೂದಲು ನೇರ ಮಾಡಿಸಿದಾಗಲೂ ಅವಳ ಕಿಡ್ನಿಗೆ ಪೆಟ್ಟು ಬಿದ್ದಿತ್ತು, ಕಾರಣ ಅದೇ ಆಸಿಡ್ ಅಂತ ವೈದ್ಯರು ಇಲಿಗಳ ಮೇಲಿನ ಪ್ರಯೋಗದಿಂದಲೂ ತೋರಿಸಿದರು. 2015ರಲ್ಲಿ ಕೋರ್ಸ್ ಮುಗಿಸಿದವರಿಗೆ ಇದು ಗೊತ್ತಿರೋಕೆ ಸಾಧ್ಯವೇ ಇಲ್ಲ. ಒಂದು ಸಲ ಸರ್ಟಿಫಿಕೇಟ್ ಕೊಟ್ಟು ಕೈ ತೊಳೆದುಕೊಳ್ಳೋದರ ತೊಂದರೆ ಇದು.

ಕಟಿಂಗ್ ಶಾಪ್‌ಗಳನ್ನೂ ಬಿಡೋ ಹಾಗಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ, ಮೇಲ್ಮೈ ಮೇಲೂ ಕನಿಷ್ಠ 7 ದಿನ ಬದುಕಿರುತ್ತೆ. ಬ್ಲೇಡ್ ಬದಲಾಯಿಸೋದು ಈಗ ಎಲ್ಲರಿಗೂ ರೂಢಿ, ಅದನ್ನು ಮೆಚ್ಚಬೇಕು. ಆದರೆ ಬ್ಲೇಡ್ ಹಿಡಿಕೆ, ಕತ್ತರಿ, ಟ್ರಿಮ್ಮರ್, ಪೆಡಿಕ್ಯೂರ್ ಸಾಮಾನು? ಇನ್ನು ಕುತ್ತಿಗೆ. ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಲಟಕ್ ಅಂತ ತಿರುಗಿಸೋದು ನಮ್ಮ ಗಂಡಸರಿಗೆ ಭಾರೀ ಇಷ್ಟ. ಹೆಂಗಸರ ಪಾರ್ಲರ್‌ನಲ್ಲಿ ಕುತ್ತಿಗೆಯನ್ನು ಸಿಂಕ್ ಅಂಚಿಗೆ ಹಿಂದಕ್ಕೆ ಬಾಗಿಸಿ ತಲೆ ತೊಳೀತಾರೆ. ಮಿದುಳಿಗೆ ರಕ್ತ ಒಯ್ಯುವ ನಾಳ ಒತ್ತಿ ಪಾರ್ಶ್ವವಾಯು ಆಗುವುದನ್ನು ವೈದ್ಯರು 1990ರ ದಶಕದಲ್ಲೇ ದಾಖಲಿಸಿದ್ದಾರೆ. 2022ರಲ್ಲಿ ಹೈದರಾಬಾದಿನಲ್ಲೇ 50 ವರ್ಷದ ಹೆಂಗಸಿಗೆ ಹೀಗಾಗಿ ಸುದ್ದಿಯಾಗಿತ್ತು. ಅಪರೂಪ ನಿಜ. ಆದರೆ ಕುತ್ತಿಗೆ ಕೆಳಗೆ ಒಂದು ಮಡಚಿದ ಟವೆಲ್ ಇಡೋದಕ್ಕೆ ಏನು ಕಷ್ಟ?

ಮತ್ತೆ ಕ್ರೀಮು. "ಎಂಟು ದಿನದಲ್ಲಿ ಬೆಳ್ಳಗಾಗ್ತೀರಿ" ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಕೊಡುವ ಕ್ರೀಮ್‌ಗಳಲ್ಲಿ ಬೀಟಾಮೆಥಾಸೋನ್, ಕ್ಲೋಬಿಟಾಸಾಲ್ ತರದ ಸ್ಟೀರಾಯ್ಡ್ ಸಿಕ್ಕಿರುವುದುಂಟು. ಮೊದಲು ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಸಿಲಿಗೆ ಹೋದರೆ ಉರಿ. ಬಳ್ಳಾರಿ ರಾಯಚೂರಿನ ಬಿಸಿಲಿನಲ್ಲಿ ಆ ಮುಖ ಇಟ್ಟುಕೊಂಡು ಓಡಾಡೋದು ಊಹಿಸಿಕೊಳ್ಳಿ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಬಿಗಿ ಮಾಡಿತು. ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನವರೇ ಕೊಡುವಂತಿಲ್ಲ ಅಂದಮೇಲೆ ಪಾರ್ಲರ್‌ನವರು ಕೊಡುವ ಮಾತೆಲ್ಲಿ?

ಇಲ್ಲೇ ಕಾನೂನಿನ ಗಟ್ಟಿ ಗೆರೆ ಇರೋದು. ಸುಕ್ಕು ತೆಗೆಯುವ ಬೊಟಾಕ್ಸ್, ಮುಖ ತುಂಬಿಸುವ ಫಿಲ್ಲರ್, ನಮ್ಮದೇ ರಕ್ತದ ಅಂಶ ಚುಚ್ಚುವ ಪಿಆರ್‌ಪಿ, ನರಕ್ಕೆ ಹಾಕುವ ಡ್ರಿಪ್, ಹೀಗೆ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ ವೈದ್ಯರದ್ದು. ಅಂಥ ಜಾಗ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದವರು ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೂದಲು ಕಸಿ ಬಗ್ಗೆ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ವರ್ಕ್‌ಶಾಪ್‌ನಲ್ಲಿ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಸಾಲದು ಅಂತ ಸ್ಪಷ್ಟವಾಗಿ ಹೇಳಿದೆ. ಅದು ವೈದ್ಯರಿಗೇ ಹೇಳಿದ ಮಾತು. ಮೂರು ತಿಂಗಳ "ಅಡ್ವಾನ್ಸ್ಡ್ ಕಾಸ್ಮೆಟಾಲಜಿ" ಕೋರ್ಸಿನಲ್ಲಿ ಬೊಟಾಕ್ಸ್ ಕಲಿಸ್ತೀವಿ ಅಂತ ಜಾಹೀರಾತು ಹಾಕುವವರು ಹುಡುಗಿಯರನ್ನು ಜೈಲಿನ ದಾರಿಗೆ ತಳ್ಳುತ್ತಿದ್ದಾರೆ. ಕಠಿಣ ಮಾತು ಅನಿಸಿದರೂ ನಿಜ.

ಹಾಗಾದರೆ ನಮಗೆ ಏನು ಬೇಕು

ನನ್ನ ಲೆಕ್ಕ ಸರಳ. ದಾರ, ಜಡೆ, ಮೇಕಪ್, ಸೀರೆ ಉಡಿಸುವುದು, ಇವಕ್ಕೆ ಯಾವ ಲೈಸೆನ್ಸೂ ಬೇಡ. ಡೈ, ಬ್ಲೀಚ್, ಸ್ಮೂತ್ನಿಂಗ್, ವ್ಯಾಕ್ಸ್, ಬ್ಲೇಡು, ಇವನ್ನು ಮುಟ್ಟುವವರಿಗೆ ಒಂದು ಸಣ್ಣ ಸುರಕ್ಷತಾ ತರಬೇತಿ ಕಡ್ಡಾಯ. ಕೆಲವು ದಿನದ್ದು, ಕನ್ನಡದಲ್ಲಿ, ತಾಲೂಕಿನಲ್ಲೇ. ಬರೆಯೋಕೆ ಬಾರದವರಿಗೆ ಬಾಯಿಮಾತಿನ ಪರೀಕ್ಷೆ, ಕೈಯಲ್ಲಿ ಮಾಡಿ ತೋರಿಸೋದು. ಆರ್‌ಪಿಎಲ್ ವ್ಯವಸ್ಥೆ ಆಗಲೇ ಇದೆ, ಅದನ್ನೇ ಇದಕ್ಕೆ ಬಳಸಬಹುದು. ಟ್ರೇಡ್ ಲೈಸೆನ್ಸ್ ನವೀಕರಿಸುವಾಗ ತೆರಿಗೆ ರಸೀದಿ ಜೊತೆ ಈ ಕಾಗದವನ್ನೂ ಕೇಳಿದರೆ ಸಾಕು. ಹೊಸ ಇಲಾಖೆ ಬೇಡ, ಹೊಸ ಮಂಡಳಿ ಬೇಡ.

ಇದಕ್ಕೆ ಬರುವ ಒಂದು ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಕಾಗದ ಒಂದು ಜಾಸ್ತಿ ಆದರೆ ಕೈ ಬಿಸಿ ಮಾಡೋ ಜಾಗವೂ ಒಂದು ಜಾಸ್ತಿ. ಅದಕ್ಕೇ ಪರೀಕ್ಷೆ ಮಾಡುವವರೂ ಲೈಸೆನ್ಸ್ ಕೊಡುವವರೂ ಬೇರೆ ಬೇರೆ ಇರಬೇಕು, ಫೀಸು ಇರಬಾರದು.

ಇನ್ನೊಂದು ಆಕ್ಷೇಪ, ತಲೆಮಾರಿನಿಂದ ಕ್ಷೌರ ಮಾಡುತ್ತಾ ಬಂದವರಿಗೆ ಹೊರಗಿನವರು ಬಂದು ಕಲಿಸೋದೇನು ಅನ್ನೋದು. ಆದರೆ ಅವರಿಗೆ ತರಬೇತಿ ಈಗಲೇ ಬಾಗಿಲಿಗೆ ಬಂದಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. 5ರಿಂದ 7 ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿಯ ಸಾಮಾನು, ಆಮೇಲೆ 5% ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. ದುಡಿಮೆ ಬಿಟ್ಟು ಕ್ಲಾಸಿಗೆ ಬಂದವರಿಗೆ ದಿನದ ಕೂಲಿ ಕೊಡುವುದು ಸರಿಯಾದ ಯೋಚನೆ. ಆದರೆ ಪಟ್ಟಿಯಲ್ಲಿ ಇರೋದು ಕ್ಷೌರಿಕರು, ಬ್ಯೂಟಿ ಪಾರ್ಲರ್ ಅಂತ ಬೇರೆ ಕಸುಬಿಲ್ಲ. ಓಣಿಯ ಪಾರ್ಲರ್ ಅಕ್ಕನಿಗೂ ಇದೇ ಐದು ದಿನ, ಇದೇ ಐನೂರು ರೂಪಾಯಿ ಸಿಗಬೇಕು.

ಕೊಪ್ಪಳ ಜಿಲ್ಲೆಯಲ್ಲಿ ಲೈಸೆನ್ಸ್‌ಗೆ ಇನ್ನೊಂದು ಅರ್ಥವೂ ಇದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಯ ಬೇರಿನಲ್ಲಿ ಅವರನ್ನು ಕಟಿಂಗ್ ಶಾಪ್‌ಗೆ, ಹೋಟೆಲ್‌ಗೆ ಬಿಡದ ವಿಷಯ ಇತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಸ್ಪೃಶ್ಯತೆ ಕಾರಣಕ್ಕೆ ಸೇವೆ ಕೊಡಲ್ಲ ಅನ್ನೋದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಅದೇ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಹಾಗೆ ಶಿಕ್ಷೆಯಾದವರ ಆ ವ್ಯಾಪಾರದ ಲೈಸೆನ್ಸನ್ನು ರದ್ದು ಮಾಡಲು ನ್ಯಾಯಾಲಯಕ್ಕೆ ಅಧಿಕಾರ ಇದೆ. ಆದರೆ ರದ್ದು ಮಾಡೋಕೆ ಮೊದಲು ಲೈಸೆನ್ಸ್ ಅನ್ನೋದು ಇರಬೇಕಲ್ಲ. ಹಳ್ಳಿಯ ಅಂಗಡಿಗಳು ನೋಂದಣಿಯೇ ಆಗದಿದ್ದರೆ ಆ ಸೆಕ್ಷನ್ ಪುಸ್ತಕದಲ್ಲೇ ಉಳಿಯುತ್ತೆ.

ಸರ್ಕಾರ ಇದನ್ನೆಲ್ಲಾ ಯಾವಾಗ ಮಾಡುತ್ತೋ ಬಿಡುತ್ತೋ. ಈ ವರ್ಷವೇ ಫೀಸು ಕಟ್ಟಲು ಹೊರಟಿರುವವರು ಅಕಾಡೆಮಿಯಲ್ಲಿ ಕೆಲವು ಪ್ರಶ್ನೆ ಕೇಳಬೇಕು. ಸರ್ಟಿಫಿಕೇಟ್ ಮೇಲೆ ಯಾರ ಹೆಸರಿರುತ್ತೆ? ವೃತ್ತಿ ತರಬೇತಿಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಮಂಡಳಿ ಎನ್‌ಸಿವಿಇಟಿಯ ಮಾನ್ಯತೆ ಇದ್ದರೆ ಆ ಕೋರ್ಸನ್ನು ಸರ್ಕಾರದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ವೆಬ್‌ಸೈಟಿನಲ್ಲಿ ನನ್ನ ಮುಂದೆಯೇ ತೆಗೆದು ತೋರಿಸ್ತೀರಾ? ಪರೀಕ್ಷೆ ತಗೊಳ್ಳೋರು ನೀವೋ ಹೊರಗಿನವರೋ? ದಿನಕ್ಕೆ ಎಷ್ಟು ಗಂಟೆ ನಾನು ನಿಜವಾದ ತಲೆ ಮೇಲೆ, ನಿಜವಾದ ಮುಖದ ಮೇಲೆ ಕೆಲಸ ಮಾಡ್ತೀನಿ? ಪ್ಯಾಚ್ ಟೆಸ್ಟ್, ಸಾಮಾನು ಶುದ್ಧಿ ಸಿಲಬಸ್‌ನಲ್ಲಿ ಎಲ್ಲಿದೆ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಫೀಸು ಕಟ್ಟಬೇಡಿ.

ಗಿರಾಕಿಗಳೂ ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಸ್ಮೂತ್ನಿಂಗ್‌ಗೆ ನಾಲ್ಕೈದು ಸಾವಿರ ಕೊಡ್ತೀವಿ, ಬಿಲ್ ಕೇಳೋದಿಲ್ಲ. ಬಿಲ್ ತಗೊಳ್ಳಿ, ಹಚ್ಚುವ ಮುಂಚೆ ಡಬ್ಬಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೂದಲು ಸುಟ್ಟರೆ, ಮುಖ ಊದಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಬೇಕಂತಿಲ್ಲ. ಆ ಬಿಲ್ಲು, ಆ ಫೋಟೊ, ವೈದ್ಯರ ಚೀಟಿ ಇದ್ದರೆ ಕೇಸು ನಿಲ್ಲುತ್ತೆ.